ಬ್ರೇಕಮ್ಮನ ಬಲಗಾಲು

ಆ ಊರಿನಲ್ಲಿ ಕಾರು ಓಡಿಸುವ ಯಾರನ್ನೇ ಹಿಡಿದು ಕೇಳಿ, ವಕೀಲರಾಗಲಿ, ನರ್ಸಾಗಲಿ, ಹಾಸಿಗೆ ಅಂಗಡಿಯವರಾಗಲಿ, ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಬ್ರೇಕಮ್ಮನಿಂದ ಬೈಸಿಕೊಂಡವರೇ. ಆಕೆಯ ನಿಜವಾದ ಹೆಸರು ಡ್ರೈವಿಂಗ್ ಶಾಲೆಯ ಪರವಾನಗಿಯಲ್ಲಿ ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು. ಅದನ್ನು ಓದಲು ಯಾರಿಗೂ ಪುರಸೊತ್ತಿರಲಿಲ್ಲ.

ಕಲಿಸುವ ಕಾರಿನಲ್ಲಿ ಗುರುವಿನ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಶಿಷ್ಯ ಹೋಗಿ ಲಾರಿಯ ಹಿಂಬದಿಗೆ ಮುತ್ತಿಡುವ ಮೊದಲು ಗುರು ಅದನ್ನು ಒತ್ತಬೇಕು. ಹರೆಯದಿಂದ ಅದೊಂದೇ ಕೆಲಸ ಮಾಡಿಕೊಂಡು ಬಂದ ಬ್ರೇಕಮ್ಮನ ಬಲಗಾಲಿಗೆ ಈಗ ತನ್ನದೇ ಬುದ್ಧಿ ಬಂದುಬಿಟ್ಟಿತ್ತು. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿಗೆ ಒದೆ. ಹಲ್ಲಿನ ಡಾಕ್ಟರು ಯಂತ್ರವನ್ನು ಬಾಯಿಯ ಹತ್ತಿರ ತಂದರೆ ಅವರ ಮೊಣಕಾಲಿಗೆ ಒದೆ. ನೆಂಟರ ಮನೆಯಲ್ಲಿ ಯಾರಾದರೂ ಮಾತಿನ ಭರದಲ್ಲಿ ಇಲ್ಲದ್ದನ್ನು ಸೇರಿಸಿ ಹೇಳತೊಡಗಿದರೆ ನೆಲಕ್ಕೆ ಧಬ್. ಬಲಗಾಲಿನ ಚಪ್ಪಲಿ ಬೇಗ ಸವೆದು, ಎಡಗಾಲಿನದು ಹೊಸದಾಗೇ ಉಳಿದು, ಮನೆಯ ಬೀರುವಿನ ತುಂಬ ಒಂಟಿ ಎಡ ಚಪ್ಪಲಿಗಳು ರಾಶಿ ಬಿದ್ದಿದ್ದವು. ಆಕೆಯ ಗಂಡ ಶಾಲೆಯ ಎರಡು ಕಾರುಗಳಿಗೂ ಮೆಕ್ಯಾನಿಕ್ಕು. ಮಾತು ಕಡಿಮೆ. "ಇವಳ ಕಾಲಿಗೂ ಒಂದು ಸರ್ವೀಸ್ ಮಾಡಿಸಬೇಕು" ಎಂದು ವರ್ಷಕ್ಕೊಮ್ಮೆ ಹೇಳಿ ಸುಮ್ಮನಾಗುತ್ತಿದ್ದ.

ಇಂಥ ಬ್ರೇಕಮ್ಮನನ್ನು ಶಾಸನಸಭೆಗೆ ಕರೆದುಕೊಂಡು ಹೋದವರು ಮೇಷ್ಟ್ರು. ನಿವೃತ್ತಿಯಾದ ಮೇಲೆ ಆಕೆಯ ಹತ್ತಿರ ಕಾರು ಕಲಿತವರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದಷ್ಟು ಜನರನ್ನು ಸೇರಿಸಿ 'ಕಾವಲು ಕೂಟ' ಅಂತ ಒಂದನ್ನು ಕಟ್ಟಿದ್ದರು.

"ನಾವು ಗೆಲ್ಲಿಸಿ ಕಳಿಸಿದವರು ಒಳಗೆ ಹೋಗಿ ಏನು ಮಾಡ್ತಾರೆ ಅಂತ ನೋಡೋದು. ಅಷ್ಟೇ ಕೆಲಸ. ಒಬ್ಬೊಬ್ಬರು ಒಬ್ಬೊಬ್ಬ ಶಾಸಕರನ್ನ ನೋಡ್ಕೋಬೇಕು. ಬಂದ್ರಾ, ಮಾತಾಡಿದ್ರಾ, ಮಾತಾಡಿದ್ದು ನಿಜಾನಾ, ಯಾರ ಪರ ಕೈ ಎತ್ತಿದ್ರು, ನೋಡಿ ಬಂದು ಜನಕ್ಕೆ ಹೇಳೋದು" ಎಂದರು ಮೇಷ್ಟ್ರು.

"ಸಂಬಳ?"

"ಇಲ್ಲ. ಟೀ ಕೂಡ ನಿಮ್ಮದೇ."

ಬ್ರೇಕಮ್ಮ ಒಪ್ಪಿದಳು. ಪಕ್ಕದಲ್ಲಿ ಕೂತು ಇನ್ನೊಬ್ಬರು ಓಡಿಸುವುದನ್ನು ನೋಡುವುದು ಆಕೆಗೆ ಹೊಸದೇನಲ್ಲ. ಕೂಟದಲ್ಲಿ ಆಗಲೇ ಸೇರಿದ್ದ ಹಾಸಿಗೆ ಅಂಗಡಿಯವನ ಪಾಡು ನೋಡಿ ನಗುವೂ ಬಂತು. ಅವನ ಪಾಲಿನ ಶಾಸಕರು ಸದನದ ಕಡೆ ತಲೆ ಹಾಕಿ ಯಾವ ಕಾಲವಾಗಿತ್ತೋ. ಅವನು ಬಿಡದೆ ಹೋಗಿ ಖಾಲಿ ಕುರ್ಚಿಯನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. "ಕುರ್ಚಿಗೆ ಹೊಸ ಬಟ್ಟೆ ಹೊದಿಸಿದ್ದಾರೆ. ಒಳಗಿನ ಹತ್ತಿ ಮಾತ್ರ ಹಳೇದೇ" ಎಂದು ಪ್ರತಿ ಸಭೆಯಲ್ಲೂ ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದ.

ಬ್ರೇಕಮ್ಮನ ಪಾಲಿಗೆ ಬಂದವನು ಆಕೆಯದೇ ವಾರ್ಡಿನ ಕಡೆಯ ಶಾಸಕ. ಆಕೆಗೆ ಅವನು ಅರ್ಧಕ್ಲಚ್ಚು. ಕಾಲೇಜು ಹುಡುಗನಾಗಿದ್ದಾಗ ಅವಳಲ್ಲೇ ಕಾರು ಕಲಿತವನು. ಎಡಗಾಲನ್ನು ಕ್ಲಚ್ಚಿನಿಂದ ಪೂರ್ತಿ ತೆಗೆಯದೆ, ಪೂರ್ತಿ ಒತ್ತದೆ, ಗಾಡಿ ಹೋಗುತ್ತದೋ ನಿಲ್ಲುತ್ತದೋ ಅದಕ್ಕೇ ಗೊತ್ತಾಗದ ಹಾಗೆ ಓಡಿಸುತ್ತಿದ್ದ. ಆಕೆ ಬ್ರೇಕ್ ಒತ್ತಿದ ತಕ್ಷಣ ಮಾತ್ರ ಸ್ಟೇರಿಂಗ್ ಬಿಟ್ಟು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಗುವಿನ ಹಾಗೆ ಕೂತುಬಿಡುತ್ತಿದ್ದ. ಇಂಥವನು ರಾಜಕೀಯಕ್ಕೆ ಸೇರಿ ಚೆನ್ನಾಗಿ ಬೆಳೆದದ್ದು ಬ್ರೇಕಮ್ಮನಿಗೆ ಆಶ್ಚರ್ಯವೇನೂ ಅನ್ನಿಸಿರಲಿಲ್ಲ.

ಸದನದ ಗ್ಯಾಲರಿಗೆ ಹೋಗುವ ಮೆಟ್ಟಿಲ ಬಳಿ ನಿಯಮಗಳ ಫಲಕವಿತ್ತು. ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಸನ್ನೆ ಮಾಡಬಾರದು, ಕಟಕಟೆಗೆ ಒರಗಬಾರದು, ನಿದ್ದೆ ಮಾಡಬಾರದು. ಕೊನೆಯದು ಗ್ಯಾಲರಿಯವರಿಗೆ ಮಾತ್ರ. ಹಳೆಯ ಕಟ್ಟಡ, ಮರದ ಹಲಗೆಯ ನೆಲ. ಬ್ರೇಕಮ್ಮನಿಗೆ ಸಿಕ್ಕ ಜಾಗದ ನೇರ ಕೆಳಗೆ ಅರ್ಧಕ್ಲಚ್ಚಿನ ಬೋಳುತಲೆ ಕಾಣುತ್ತಿತ್ತು.

ಅವತ್ತಿನ ವಿಷಯ ಬೀದಿ ಗುಡಿಸುವ ಹೆಂಗಸರದ್ದು. ಪ್ರತಿ ವಾರ್ಡಿನಲ್ಲೂ ಅವರಿಗೊಂದು ವಿಶ್ರಾಂತಿ ಕೋಣೆ, ನೀರು, ಶೌಚಾಲಯ ಕಟ್ಟಿಕೊಡಬೇಕು ಅಂತ ಕಾನೂನಿನಲ್ಲಿ ಒಂದು ಕಲಂ ಇತ್ತು. ಎಲ್ಲ ಕಡೆ ಕಟ್ಟಿ ಆಗಿದೆ, ಇನ್ನು ಆ ಕಲಂ ಯಾಕೆ, ಕಿತ್ತುಹಾಕೋಣ ಎನ್ನುವುದು ಸರ್ಕಾರದ ವಾದ. ಅದನ್ನು ಬೆಂಬಲಿಸಲು ಅರ್ಧಕ್ಲಚ್ಚು ಎದ್ದು ನಿಂತ.

"ಮಾನ್ಯ ಸಭಾಧ್ಯಕ್ಷರೇ, ನಮ್ಮ ವಾರ್ಡಿನಲ್ಲಿ ಕೋಣೆ ಎದ್ದು ನಿಂತಿದೆ. ಟೈಲ್ಸ್ ಹಾಕಿದ ಗೋಡೆ, ತಣ್ಣೀರು, ಬಿಸಿನೀರು. ಹೆಣ್ಣುಮಕ್ಕಳು ಸಂತೋಷದಿಂದ ಕಣ್ಣೀರು ಹಾಕಿದ್ದನ್ನ ನಾನೇ ನನ್ನ ಕಣ್ಣಾರೆ..."

ಆ ಜಾಗ ಬ್ರೇಕಮ್ಮನಿಗೆ ಚೆನ್ನಾಗಿ ಗೊತ್ತು. ಅಲ್ಲಿ ಇದ್ದದ್ದು ಕೋಣೆಯ ಚಿತ್ರ ಬರೆದ ದೊಡ್ಡ ಬೋರ್ಡು ಮಾತ್ರ. ಬೋರ್ಡಿನ ಹಿಂದಿನ ಖಾಲಿ ಜಾಗದಲ್ಲಿ ಆಕೆ ದಿನಾ ಬೆಳಿಗ್ಗೆ ರಿವರ್ಸ್ ಕಲಿಸುತ್ತಿದ್ದಳು.

ಧಬ್!

ಹಲಗೆ ನಡುಗಿತು. ಸಂದಿಯಿಂದ ಹಳೆಯ ಧೂಳು ಉದುರಿ ಬೋಳುತಲೆಯ ಮೇಲೆ ಬಿತ್ತು. ಅರ್ಧಕ್ಲಚ್ಚು ಮಾತು ನಿಲ್ಲಿಸಿ, ತಟ್ಟನೆ ಕೂತು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡ.

"ಮುಂದುವರಿಸಿ. ಕಣ್ಣಾರೆ ಏನು?" ಎಂದರು ಸಭಾಧ್ಯಕ್ಷರು.

"ಕಣ್ಣಾರೆ... ನೋಡಿಲ್ಲ" ಎಂದ ಅರ್ಧಕ್ಲಚ್ಚು, ಕೂತಲ್ಲಿಂದಲೇ.

ಸದನದಲ್ಲಿ ಗದ್ದಲವೋ ಗದ್ದಲ. ವಿರೋಧ ಪಕ್ಷದವರು ಕುಣಿದಾಡಿದರು. ಆಡಳಿತದವರು ಮೇಲೆ ನೋಡಿದರು. ಬ್ರೇಕಮ್ಮ ತನ್ನ ಕಾಲನ್ನು ತಾನೇ ನೋಡುತ್ತಿದ್ದಳು, ಪಕ್ಕದ ಮನೆಯವರ ತುಂಟ ಮಗುವನ್ನು ನೋಡುವ ಹಾಗೆ. ಕಲಂ ತೆಗೆಯುವ ವಿಚಾರ ಮುಂದಕ್ಕೆ ಹೋಯಿತು.

ಮರುದಿನ ಅರ್ಧಕ್ಲಚ್ಚು ಡ್ರೈವಿಂಗ್ ಶಾಲೆಗೇ ಬಂದ. ಅಂಗರಕ್ಷಕರನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು ಸ್ಟೂಲಿನ ತುದಿಯಲ್ಲಿ ಕೂತ.

"ಅಮ್ಮಾ, ನಿಮ್ಮ ಕಾಲು ಹಿಡ್ಕೋತೀನಿ."

"ಹಿಡ್ಕೋ. ಬಲಗಾಲೇ ಹಿಡ್ಕೋ. ನನ್ನ ಕೈಲಂತೂ ಹಿಡಿಯೋಕಾಗ್ತಿಲ್ಲ."

"ತಮಾಷೆ ಅಲ್ಲಮ್ಮ. ಬೇಕಾದ್ರೆ ನನ್ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಂಗೆ ನಿಮ್ಮ ಸದ್ದು ಕೇಳಿದ್ರೆ ಮೈಯೆಲ್ಲ ನಿಂತುಹೋಗುತ್ತೆ. ಪಕ್ಷದಲ್ಲಿ ಮುಖ ತೋರಿಸೋ ಹಾಗಿಲ್ಲ."

"ಸುಳ್ಳು ಯಾಕೋ ಹೇಳಿದೆ?"

"ಬರೆದುಕೊಟ್ಟಿದ್ರು, ಓದಿದೆ."

"ಹೋಗಿ ನೋಡಿದ್ಯಾ?"

"ದಾರೀಲಿ ಬೋರ್ಡು ಕಾಣುತ್ತಲ್ಲಮ್ಮ. ಚೆನ್ನಾಗಿದೆ ಬೋರ್ಡು."

ಮೂಲೆಯಲ್ಲಿ ಟೈರಿಗೆ ಗಾಳಿ ಹಾಕುತ್ತಿದ್ದ ಗಂಡ ಆ ವರ್ಷದಲ್ಲಿ ಮೊದಲ ಸಲ ಜೋರಾಗಿ ನಕ್ಕ. ಅರ್ಧಕ್ಲಚ್ಚು ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ. ಆದರೆ ಆ ನಗು ಅವನಿಗೆ ಎಲ್ಲೋ ನಾಟಿರಬೇಕು. ಅವತ್ತೇ ಸಂಜೆ ಬೋರ್ಡಿನ ಹತ್ತಿರ ಕಾರು ನಿಲ್ಲಿಸಿ, ಇಳಿಯದೆ, ಕಿಟಕಿಯ ಗಾಜನ್ನು ಅರ್ಧ ಇಳಿಸಿ ಬಹಳ ಹೊತ್ತು ನೋಡಿದನಂತೆ.

ಇತ್ತ ಸದನಕ್ಕೆ ಬೇರೆ ತಲೆನೋವು. ಗ್ಯಾಲರಿಯ ನಿಯಮಗಳಲ್ಲಿ ಬಾಯಿ ಇತ್ತು, ಕೈ ಇತ್ತು, ಕಾಲೇ ಇರಲಿಲ್ಲ. ಕಾಲಿನ ಸದ್ದು ಮಾತೋ ಸನ್ನೆಯೋ ಎಂದು ತೀರ್ಮಾನಿಸಲು ಒಂದು ಸಮಿತಿ ಕೂತಿತು. ಸಮಿತಿಯವರು ಬ್ರೇಕಮ್ಮನನ್ನು ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ಎದುರಿಗೆ ನಿಂತು ನಿಜ ಒಂದು, ಸುಳ್ಳು ಒಂದು ಹೇಳಿ ನೋಡಿದರು. ಸಮಿತಿಯ ಅಧ್ಯಕ್ಷರು "ನನಗೆ ಅಧಿಕಾರದ ಆಸೆಯಿಲ್ಲ" ಎಂದಾಗ ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತು. ಅದನ್ನು ಕಡತದಲ್ಲಿ ಬರೆಯಲಿಲ್ಲ.

ವಾರವಿಡೀ ಚರ್ಚೆ ಮಾಡಿ ಸಮಿತಿ ಕೊನೆಗೆ ಕೊಟ್ಟ ತೀರ್ಪು ಹೀಗಿತ್ತು: ಕಾಲಿನ ಸದ್ದು ಮಾತಲ್ಲ, ಸನ್ನೆಯೂ ಅಲ್ಲ. ಅದು ಮೇಜು ಕುಟ್ಟುವುದಕ್ಕೆ ಸಮ. ಮೇಜು ಕುಟ್ಟುವುದು ಈ ಸದನದಲ್ಲಿ ಒಪ್ಪಿಗೆಯ ಗುರುತು. ಆದ್ದರಿಂದ ಇನ್ನು ಮುಂದೆ ಕಾಲಿನ ಸದ್ದು ಯಾರದೇ ಆಗಿರಲಿ, ಅದನ್ನು ಮಾತಾಡುತ್ತಿರುವ ಸದಸ್ಯರಿಗೆ ಸಿಕ್ಕ ಒಪ್ಪಿಗೆ ಎಂದೇ ದಾಖಲಿಸತಕ್ಕದ್ದು. ಹೀಗೆ ಬ್ರೇಕನ್ನು ಚಪ್ಪಾಳೆ ಮಾಡಿಬಿಟ್ಟೆವೆಂದು ಆಡಳಿತದವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು.

ಈ ತೀರ್ಪು ಬರುವ ಮೊದಲು, ಸಮಿತಿ ಇನ್ನೂ ಕೂತಿದ್ದಾಗಲೇ, ಮಂತ್ರಿಯೊಬ್ಬರ ಆಪ್ತ ಸಹಾಯಕ ಹೂವಿನ ಕುಂಡ ಹಿಡಿದುಕೊಂಡು ಬಂದ. ಸರ್ಕಾರಿ ಚಾಲಕರಿಗೆಲ್ಲ ತರಬೇತಿ ಕೊಡುವ ಕೆಲಸ ಬ್ರೇಕಮ್ಮನ ಶಾಲೆಗೇ ಬರುವಂತೆ ನೋಡಿಕೊಳ್ಳಬಹುದು, ವಿರೋಧ ಪಕ್ಷದವರು ಮಾತಾಡುವಾಗ ಮಾತ್ರ ಕಾಲು ಸ್ವಲ್ಪ ಚುರುಕಾಗಿರಲಿ ಎಂದ.

"ಸ್ವಾಮೀ, ಇದು ಬಾಡಿಗೆ ಗಾಡಿ ಅಲ್ಲ, ಕಾಲು" ಎಂದಳು ಬ್ರೇಕಮ್ಮ. ಕುಂಡ ವಾಪಸು ಹೋಯಿತು.

ಇಷ್ಟರವರೆಗೆ ಆಕೆಗೂ ಒಳಗೊಳಗೇ ಒಂದು ಹೆಮ್ಮೆ ಹತ್ತಿತ್ತು ಅನ್ನಬೇಕು. ಬೀದಿಯಲ್ಲಿ ಹೋಗುವಾಗ ಜನ ಮುಖ ಬಿಟ್ಟು ಪಾದ ನೋಡಿ ನಮಸ್ಕಾರ ಹೇಳುತ್ತಿದ್ದರು. ಬೋರ್ಡಿನ ಹಿಂದೆ ರಿವರ್ಸ್ ಕಲಿಸುವಾಗ ಬೀದಿ ಗುಡಿಸುವ ಹೆಂಗಸರ ಮುಂದಾಳು ಹಿರಿಯಕ್ಕ ಪೊರಕೆ ಊರಿ ನಿಂತು, "ಒತ್ತಕ್ಕಾ, ಇನ್ನೂ ಜೋರಾಗಿ ಒತ್ತು" ಎಂದು ಕೂಗುತ್ತಿದ್ದಳು. ಹಿರಿಯಕ್ಕನ ತಂಡಕ್ಕೆ ಇದ್ದ ಒಂದೇ ಅನುಕೂಲವೆಂದರೆ ಎದುರಿನ ಸಿನಿಮಾ ಮಂದಿರ. ಅಲ್ಲಿನ ಶೌಚಾಲಯಕ್ಕೆ ಹೋಗಲು ಬೆಳಗಿನ ಆಟದ ಟಿಕೆಟ್ ತೆಗೆಯಬೇಕಿತ್ತು. ಹಾಗಾಗಿ ಊರಿಗೆ ಬಂದ ಪ್ರತಿ ಸಿನಿಮಾದ ಮೊದಲ ಕಾಲು ಗಂಟೆ ಆ ಹೆಂಗಸರಿಗೆಲ್ಲ ಬಾಯಿಪಾಠ. ಯಾರು ಯಾರನ್ನು ಮದುವೆಯಾದರು ಎನ್ನುವುದು ಮಾತ್ರ ಒಂದರಲ್ಲೂ ಗೊತ್ತಿರಲಿಲ್ಲ.

ವಿಷಯ ಮತ್ತೆ ಸದನಕ್ಕೆ ಬಂದ ದಿನ ಗ್ಯಾಲರಿ ತುಂಬಿತ್ತು. ಅರ್ಧಕ್ಲಚ್ಚು ಎದ್ದ. ಕೈಯಲ್ಲಿ ಚೀಟಿ ಇರಲಿಲ್ಲ.

"ಸಭಾಧ್ಯಕ್ಷರೇ, ಹೋಗಿ ನೋಡ್ಕೊಂಡು ಬಂದೆ. ಅಲ್ಲಿ ಕೋಣೆ ಇಲ್ಲ. ಬೋರ್ಡಿದೆ. ಬೋರ್ಡಿನ ನೆರಳಲ್ಲಿ ಹೆಂಗಸರು ಕೂತು ಊಟ ಮಾಡ್ತಾರೆ. ಆ ನೆರಳೂ ಮಧ್ಯಾಹ್ನ ಇರಲ್ಲ. ಈ ಕಲಂ ತೆಗೀಬಾರದು. ನಮ್ಮ ಪಕ್ಷ ಏನೇ ಹೇಳಲಿ, ನಾನು..."

ಬ್ರೇಕಮ್ಮನ ಕಣ್ಣು ತುಂಬಿ ಬಂತು. ಅದೇ ಹೊತ್ತಿಗೆ ಎಡಗಡೆಯ ಕಿಟಕಿಯಿಂದ ಒಂದು ಪಾರಿವಾಳ ಒಳಗೆ ನುಗ್ಗಿ, ಹಿಂದೆ ಮುಂದೆ ನೋಡದೆ, ಅರ್ಧಕ್ಲಚ್ಚಿನ ಮೂಗಿನ ಮುಂದೆಯೇ ಬಲಗಡೆಗೆ ಅಡ್ಡ ಹಾರಿತು.

ಅಡ್ಡ ಬಂದದ್ದು ನಾಯಿಯೋ ಪಾರಿವಾಳವೋ ಎಂದು ಕಾಲು ವಿಚಾರಿಸುವುದಿಲ್ಲ. ಧಬ್!

ಅರ್ಧಕ್ಲಚ್ಚು ಕೂತುಬಿಟ್ಟ. ಕೈ ತೊಡೆಯ ಮೇಲೆ.

"ಅಯ್ಯೋ, ನಿಂಗಲ್ಲವೋ! ಹಕ್ಕಿಗೆ!" ಎಂದು ಕೂಗಿದಳು ಬ್ರೇಕಮ್ಮ. ಅದು ಮಾತು; ಮಾತು ನಿಯಮದಲ್ಲಿತ್ತು. ಮಾರ್ಷಲ್‌ಗಳು ಬಂದು ಆಕೆಯನ್ನು ಹೊರಗೆ ಕರೆದೊಯ್ದರು. ಭಾಷಣ ಅಪೂರ್ಣವಾಗಿದೆ, ಅಪೂರ್ಣ ಭಾಷಣದ ಮೇಲೆ ಮತ ಹಾಕುವ ಪದ್ಧತಿಯಿಲ್ಲ ಎಂದು ಸಭಾಧ್ಯಕ್ಷರು ಅದನ್ನು ಮುಂದಿನ ವಾರಕ್ಕೆ ತಳ್ಳಿದರು. ಸಂಜೆ ಪತ್ರಿಕೆಗಳಲ್ಲಿ ದಪ್ಪ ಅಕ್ಷರ: 'ಕೋಣೆ ಬೇಡ: ಬ್ರೇಕಮ್ಮನ ಒದೆ'. ಪತ್ರಿಕೆ ಹಿಡಿದುಕೊಂಡು ಹಿರಿಯಕ್ಕ ನೆಟ್ಟಗೆ ಮನೆ ಬಾಗಿಲಿಗೇ ಬಂದಳು.

"ಏನಕ್ಕಾ ಇದು? ನಮಗೆ ಅಂತ ಒಬ್ಬ ಬಾಯಿ ತೆರೆದ. ಅವನ ಬಾಯಿಗೂ ನಿನ್ನ ಕಾಲೇ ಸಿಗ್ಬೇಕಿತ್ತಾ?"

"ಪಾರಿವಾಳ ಬಂತು ಕಣೇ."

"ನಮ್ಮ ಕಷ್ಟ ಪಾರಿವಾಳಕ್ಕಿಂತ ಕಡೆಯಾಯ್ತಾ? ನಿನ್ನ ಕಾಲ್ಗುಣವೇ ಸರಿ ಇಲ್ಲ, ಬಿಡು."

ಬ್ರೇಕಮ್ಮ ಊಟ ಮಾಡಲಿಲ್ಲ. ಒತ್ತಬೇಕಾದಾಗ ಒತ್ತದೆ ಇದ್ದರೆ ತಪ್ಪು ಎಂದಷ್ಟೇ ಆಕೆ ತಿಳಿದಿದ್ದಳು. ಒತ್ತಬಾರದಾಗ ಒತ್ತಿದರೆ ಹಿಂದಿನ ಗಾಡಿಯವರು ಬಂದು ಗುದ್ದಿಕೊಳ್ಳುತ್ತಾರೆ ಎನ್ನುವುದನ್ನು ಶಿಷ್ಯರಿಗೆ ದಿನಾ ಹೇಳುತ್ತಿದ್ದರೂ ತನಗೆ ಅಂತ ಯೋಚಿಸಿರಲಿಲ್ಲ. ಇನ್ನು ಸದನಕ್ಕೆ ಹೋಗುವುದೇ ಬೇಡ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದಳು. ಬೆಳಿಗ್ಗೆ ಎದ್ದಾಗ ಅದೂ ಸರಿ ಕಾಣಲಿಲ್ಲ. ಸೀದಾ ಅರ್ಧಕ್ಲಚ್ಚಿನ ಮನೆಗೆ ಹೋದಳು.

"ಯಾಕೋ ನಿಲ್ಲಿಸಿದೆ? ಸರಿಯಾಗೇ ಹೋಗ್ತಿದ್ದೆಯಲ್ಲ!"

"ನೀವು ಬ್ರೇಕ್ ಒತ್ತಿದ್ರಲ್ಲಮ್ಮ."

"ನಾನು ಒತ್ತಿದ್ರೆ? ನಿನಗೆ ಕಣ್ಣಿಲ್ವಾ? ರಸ್ತೆ ಕಾಣ್ತಿರಲಿಲ್ವಾ?"

"ನೀವೇ ಹೇಳಿದ್ದು, ಬ್ರೇಕ್ ಬಿದ್ರೆ ಯಾಕೆ ಅಂತ ಕೇಳಬೇಡ, ಮೊದಲು ನಿಲ್ಲು ಅಂತ."

"ಅದು ಕಲಿಯೋವಾಗ ಹೇಳಿದ್ದು ಕಣೋ! ನೀನಿನ್ನೂ ಕಲೀತಾನೇ ಇದ್ದೀಯಾ?"

ಅವನು ತಲೆ ತಗ್ಗಿಸಿದ. ಮತ್ತೆ ಮೆಲ್ಲಗೆ ಹೇಳಿದ, "ನಂಗೆ ಯಾರಾದ್ರೂ ಪಕ್ಕದಲ್ಲಿ ಕೂತು ಹೇಳಿದ್ರೇನೇ ಧೈರ್ಯ ಅಮ್ಮ. ಮೊದಲು ನೀವು. ಆಮೇಲೆ ಅಪ್ಪ. ಆಮೇಲೆ ಪಕ್ಷ."

ಬ್ರೇಕಮ್ಮ ಅವನನ್ನು ಶಾಲೆಗೆ ಎಳೆದುಕೊಂಡು ಬಂದಳು. "ರೀ, ನನ್ನ ಕಡೆಯ ಬ್ರೇಕ್ ಬಿಚ್ಚಿಹಾಕಿ" ಎಂದಳು ಗಂಡನಿಗೆ.

ಗಂಡ ಆಕೆಯ ಮುಖ ನೋಡಿದ. "ಬಿಚ್ಚಿದ್ರೆ ನಿನಗೇನು ಉಳಿಯುತ್ತೆ?"

"ಬಿಚ್ಚಿ ಅಂದ್ರೆ ಬಿಚ್ಚಿ."

ಹೀಗೆ ಅರ್ಧಕ್ಲಚ್ಚು ಬಹಳ ವರ್ಷಗಳ ಮೇಲೆ, ಛಾವಣಿಗೆ ಕೆಂಪು ಅಕ್ಷರದ ಹಲಗೆ ಕಟ್ಟಿದ ಕಾರನ್ನು ಮಾರುಕಟ್ಟೆಯ ನಡುವೆ ಓಡಿಸಿದ. ಹಿಂದೆ ಅಂಗರಕ್ಷಕರ ಗಾಡಿ, ಅದರ ಹಿಂದೆ ಟೀವಿಯವರ ಗಾಡಿ, ಅದರ ಹಿಂದೆ ಏನಾಯಿತೆಂದು ತಿಳಿಯದ ಒಂದು ಐಸ್ ಗಾಡಿ. ತಳ್ಳುಗಾಡಿ ಅಡ್ಡ ಬಂದರೆ ಬ್ರೇಕಮ್ಮನ ಕಾಲು ಧಬ್. ಕಾರು ನಿಲ್ಲುತ್ತಿರಲಿಲ್ಲ. ಅವನು ಗಾಬರಿಯಾಗಿ, ಬೆವರಿ, ತಾನೇ ಬ್ರೇಕ್ ಹಾಕುತ್ತಿದ್ದ. ದಾರಿ ಖಾಲಿಯಿದ್ದಾಗ ಆಕೆ ಬೇಕೆಂದೇ ಧಬ್ ಎನ್ನಿಸಿದಳು. ಮೊದಲೆರಡು ಸಲ ಅವನು ನಿಲ್ಲಿಸಿದ, ಐಸ್ ಗಾಡಿಯವನು ಬೈದ. ಮತ್ತೊಮ್ಮೆ ಧಬ್ ಎಂದಾಗ ಅವನು ಮುಂದೆ ನೋಡಿದ, ಎಡಬಲ ನೋಡಿದ, ಅಡ್ಡ ಯಾರೂ ಇರಲಿಲ್ಲ.

"ಅಮ್ಮಾ, ದಾರಿ ಖಾಲಿ ಇದೆ. ಸುಮ್ನೆ ಕೂತ್ಕೊಳ್ಳಿ" ಎಂದ.

ಬ್ರೇಕಮ್ಮನಿಗೆ ಎದೆಯಲ್ಲಿ ಸಣ್ಣಗೆ ಚುಚ್ಚಿದಂತಾಯಿತು. ಆದರೂ ಕಿಟಕಿಯ ಕಡೆ ತಿರುಗಿ ನಕ್ಕಳು.

ಮುಂದಿನ ವಾರ ಸದನದ ಗ್ಯಾಲರಿಯಲ್ಲಿ ದಪ್ಪ ರತ್ನಗಂಬಳಿ ಹಾಸಿದ್ದರು. ಬ್ರೇಕಮ್ಮ ಎಂಥ ಒದೆ ಕೊಟ್ಟರೂ ಕೆಳಗೆ ಕೇಳುವಂತಿರಲಿಲ್ಲ. ಆಕೆ ಕಾಲು ಮಡಿಚಿ ಕೂತಳು. ಪಕ್ಕದಲ್ಲಿ ಹಿರಿಯಕ್ಕ, ಇನ್ನೂ ಸಿಟ್ಟು ಪೂರ್ತಿ ಇಳಿಯದ ಮುಖದಲ್ಲಿ. ಅರ್ಧಕ್ಲಚ್ಚು ಎದ್ದು, ಬಿಟ್ಟ ಜಾಗದಿಂದಲೇ ಹಿಡಿದ.

"...ನಾನು ಈ ಕಲಂ ಉಳಿಯಲಿ ಅಂತಲೇ ಕೇಳ್ತೀನಿ."

ಧಬ್!

ಗ್ಯಾಲರಿಯಿಂದಲ್ಲ. ಸದ್ದು ಬಂದದ್ದು ಆಡಳಿತ ಪಕ್ಷದ ಮುಂದಿನ ಸಾಲಿನಿಂದ. ಅವನನ್ನು ಕೂರಿಸಲು ಪಕ್ಷದ ಹಿರಿಯರೊಬ್ಬರು ಕುರ್ಚಿಯ ಕೆಳಗೆ ಕಾಲು ಅಪ್ಪಳಿಸಿದ್ದರು. ಅರ್ಧಕ್ಲಚ್ಚಿನ ಮೊಣಕಾಲು ಅರ್ಧ ಮಡಿಚಿತು. ಮೇಲೆ ಬ್ರೇಕಮ್ಮ ಹಿರಿಯಕ್ಕನ ಕೈ ಹಿಡಿದುಕೊಂಡಳು.

ಅವನು ಮುಂದೆ ನೋಡಿದ. ಎಡಕ್ಕೆ, ಬಲಕ್ಕೆ ನೋಡಿದ. ಮೊಣಕಾಲು ಮತ್ತೆ ನೆಟ್ಟಗಾಯಿತು.

"ಆ ಹೆಂಗಸರು ಶೌಚಕ್ಕೆ ಹೋಗೋಕೆ ಸಿನಿಮಾ ಟಿಕೆಟ್ ತೆಗೀತಾರೆ, ಸಭಾಧ್ಯಕ್ಷರೇ. ಈ ಊರಲ್ಲಿ ಬೇರೆ ಯಾರಾದ್ರೂ ಹಾಗೆ ಮಾಡ್ತಾರಾ?"

ಧಬ್! ಧಬ್! ಹಿರಿಯರ ಸನ್ನೆಗೆ ಹಿಂದಿನ ಸಾಲೂ ಸೇರಿಕೊಂಡಿತು. ಅವನು ಆಗಲೂ ಮಾತು ನಿಲ್ಲಿಸದಿದ್ದಾಗ ಅದರ ಹಿಂದಿನ ಸಾಲು. ಮಂತ್ರಿಗಳು, ಮಾಜಿ ಮಂತ್ರಿಗಳು, ಆಗಬೇಕಾದ ಮಂತ್ರಿಗಳು, ಎಲ್ಲರೂ ಕಾಲು ಎತ್ತಿ ಎತ್ತಿ ನೆಲ ಕುಟ್ಟಿದರು. ಒಬ್ಬರ ಬೂಟು ಹಾರಿಹೋಯಿತು. ಆ ಗದ್ದಲದ ನಡುವೆ ಅರ್ಧಕ್ಲಚ್ಚು ಗಂಟಲು ಹರಿಯುವಂತೆ ಮಾತು ಮುಗಿಸಿ, ತಾನಾಗಿಯೇ ಕೂತ.

ಸಭಾಧ್ಯಕ್ಷರು ವಯಸ್ಸಾದವರು, ನಿಯಮವೆಂದರೆ ಪ್ರಾಣ. ಕನ್ನಡಕ ಹಾಕಿಕೊಂಡು ಸಮಿತಿಯ ತೀರ್ಪನ್ನು ತೆರೆದು ನಿಧಾನವಾಗಿ ಓದಿದರು. "ಕಾಲಿನ ಸದ್ದು ಒಪ್ಪಿಗೆಯ ಗುರುತು. ಸದಸ್ಯರ ಮಾತಿಗೆ ಆಡಳಿತ ಪಕ್ಷದ ಮೂರು ಸಾಲುಗಳೂ ಭಾರಿ ಉತ್ಸಾಹದಿಂದ ಒಪ್ಪಿಗೆ ಸೂಚಿಸಿವೆ. ವಿರೋಧ ಪಕ್ಷದವರು?"

ವಿರೋಧ ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇಂಥ ಅವಕಾಶ ಮತ್ತೆ ಸಿಗದೆಂದು ತಾವೂ ಕುಟ್ಟಿದರು.

"ಸರ್ವಾನುಮತ. ಕಲಂ ಉಳಿಯುತ್ತದೆ."

ಅರ್ಧಕ್ಲಚ್ಚನ್ನು ಪಕ್ಷದಿಂದ ಹೊರಹಾಕಬೇಕೆಂದು ಅವತ್ತೇ ಮಾತು ಬಂತು. ಆದರೆ ಪಕ್ಷವೆಲ್ಲ ಒಪ್ಪಿದ ಭಾಷಣಕ್ಕೆ ಯಾವ ಕಾರಣ ಕೊಟ್ಟು ಹೊರಹಾಕುವುದು? ಬಹುಮಾನವಾಗಿ ಅವನನ್ನು ಒಂದು ನಿಗಮಕ್ಕೆ ಅಧ್ಯಕ್ಷ ಮಾಡಬೇಕಾಯಿತು. ಇನ್ನು ಮುಂದೆ ತನ್ನ ಕಾವಲಿಗೆ ಬೇರೆಯವರನ್ನು ಹಾಕಿ ಎಂದು ಅವನೇ ಮೇಷ್ಟ್ರನ್ನು ಕೇಳಿಕೊಂಡ. "ಅಮ್ಮ ಇದ್ರೆ ಅವರ ಕಡೆಗೇ ಕಿವಿ ಹೋಗುತ್ತೆ" ಎಂದ. ಮೇಷ್ಟ್ರು ಹಾಸಿಗೆ ಅಂಗಡಿಯವನನ್ನು ಕಳಿಸಿದರು. ಜೀವಂತ ಶಾಸಕನೊಬ್ಬ ಸಿಕ್ಕಿದ ಸಂತೋಷಕ್ಕೆ ಅವನು ಮೊದಲ ದಿನವೇ ಗ್ಯಾಲರಿಯಿಂದ ಕೈಬೀಸಿ ಹೊರಗೆ ಹಾಕಿಸಿಕೊಂಡ.

ಕೋಣೆ ಕಟ್ಟಲು ಮಳೆಗಾಲ ಕಳೆಯಬೇಕಾಯಿತು. ಉದ್ಘಾಟನೆಯ ವೇದಿಕೆ ಕೋಣೆಗಿಂತ ದೊಡ್ಡದಾಗಿತ್ತು. ಮಂತ್ರಿಗಳು ಕತ್ತರಿ ಹಿಡಿದು ಬರುವ ಹೊತ್ತಿಗೆ ಹಿರಿಯಕ್ಕ ತನ್ನ ತಂಡವನ್ನು ಕರೆದುಕೊಂಡು, ಟೇಪಿನ ಕೆಳಗಿನಿಂದ ನುಸುಳಿ, ಬ್ರೇಕಮ್ಮನನ್ನೂ ರಟ್ಟೆ ಹಿಡಿದು ಒಳಗೆಳೆದು ಬಾಗಿಲು ಹಾಕಿ ಚಿಲಕ ಜಡಿದಳು.

ಒಳಗೆ ಸುಣ್ಣದ ವಾಸನೆ. ಹೆಂಗಸರು ಒಬ್ಬೊಬ್ಬರಾಗಿ ನಲ್ಲಿ ತಿರುಗಿಸಿ ನೋಡಿದರು. ಆಮೇಲೆ ಬೆಂಚಿನ ಮೇಲೆ, ನೆಲದ ಮೇಲೆ ಕಾಲು ಚಾಚಿ ಕೂತರು.

ಹೊರಗಿನಿಂದ ಅಧಿಕಾರಿಯೊಬ್ಬ ಬಾಗಿಲು ತಟ್ಟಿದ. "ಅಮ್ಮಾ, ಸಾಹೇಬರು ಬಂದಿದ್ದಾರೆ. ತೆಗೀರಿ, ಉದ್ಘಾಟನೆ ಮಾಡಬೇಕು."

"ಮಾಡ್ಕೊಳ್ಳಿ, ನಾವೇನು ಬೇಡ ಅಂದ್ವಾ? ಸ್ವಲ್ಪ ಹೊತ್ತು ಕೂತು ಬರ್ತೀವಿ" ಎಂದಳು ಹಿರಿಯಕ್ಕ.

ಹೊರಗೆ ಮೈಕು ಕಿರ್ರೆಂದಿತು. ಈ ಕೋಣೆ ತಮ್ಮ ಬಹುದಿನದ ಕನಸು ಎಂದು ಮಂತ್ರಿಗಳು ಶುರು ಮಾಡಿದರು. ಎಲ್ಲರೂ ಬ್ರೇಕಮ್ಮನ ಪಾದವನ್ನೇ ನೋಡಿದರು. ಅದು ಹೊಸ ನೆಲದ ತಂಪಿಗೆ ಚಪ್ಪಲಿ ಬಿಟ್ಟು, ಬೆರಳು ಅಗಲಿಸಿಕೊಂಡು, ಸುಮ್ಮನೆ ಬಿದ್ದಿತ್ತು.

"ಆ ಕಿಟಕಿ ಒಂದು ಮುಚ್ಚೇ" ಎಂದಳು ಹಿರಿಯಕ್ಕ ಪಕ್ಕದವಳಿಗೆ. ಅವಳು ಎದ್ದು ಮುಚ್ಚಿದಳು.